ಗೆರೆಯ ದಪ್ಪ

ಮೊದಲ ದಿನ ನಮ್ಮ ಗುಬ್ಬಲಕುಂಟೆ
ಆಫ್ರಿಕಾದ ಪಕ್ಕ ಕಡಲಿಗೆ ಬಿತ್ತು.
ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶ:
ವಿಳಾಸವಿಲ್ಲದ ನಕ್ಷೆಗಳೆಲ್ಲ ಹೋಗಿ ಬೀಳುವ ಜಾಗ ಅದು.
ಮುಳುಗುವುದಿಲ್ಲ, ತೇಲುತ್ತಿರುತ್ತವೆ.
ಹೆಕ್ಕಿ ತರಬೇಕು.

ತರಲು ನಾಲ್ಕು ಕಲ್ಲು ಬೇಕು,
ಹಳೆಯ ನಕ್ಷೆಯಲ್ಲೂ ಇದ್ದು
ಇವತ್ತೂ ನೆಲದಲ್ಲಿರುವ ನಾಲ್ಕೇ ನಾಲ್ಕು ಕಲ್ಲು.
ಸರ್ಜಾಪುರ ರಸ್ತೆಯ ಹಿಂದೆ, ಧೂಳಿನ ಒಂದು ಮಧ್ಯಾಹ್ನ,
ಜಿಪಿಎಸ್ ಹಿಡಿದು ನಾನು, ಸೆರಗು ತಲೆಗೆ ಹೊದ್ದು ಪಿಳ್ಳಮ್ಮ,
ನೀರಗಂಟಿ ಚಿಕ್ಕಮುನಿಯನ ಮಗಳು.
ಮೂರೂರು ಕೂಡುವ ಕಲ್ಲು ಮೊಬೈಲ್ ಅಂಗಡಿಯ ಮೆಟ್ಟಿಲಾಗಿತ್ತು.
ತೂಬಿನ ಕಲ್ಲಿನ ಮೇಲೆ ಯಾರೋ ಜೀನ್ಸ್ ಪ್ಯಾಂಟು ಒಗೆಯುತ್ತಿದ್ದರು.
ಕೋಡಿ ಎಲ್ಲಿ ಅಂದರೆ
ಅಪಾರ್ಟ್‌ಮೆಂಟಿನ ಎರಡನೇ ಬೇಸ್‌ಮೆಂಟ್ ತೋರಿಸಿದಳು;
ಕಾವಲಿನವನು ಒಳಗೆ ಬಿಡಲಿಲ್ಲ, ಗೇಟಿನಿಂದಲೇ ಅಳೆದೆ.
ನಾಲ್ಕನೆಯದು ಸಿಗಲೇ ಇಲ್ಲ.
"ಇಲ್ಲೇ ಇತ್ತು ಕಣವ್ವ, ಮೇಲೆ ಕುಂತು
ಹುರಿಗಡಲೆ ತಿಂತಿದ್ದೆ" ಅಂದ ಕಡೆ ನಿಂತು,
ಉಪಗ್ರಹಗಳು ಕೂಡಿಬರುವವರೆಗೆ ಕಾದು,
ಒಂದು ಚುಕ್ಕಿ ಇಟ್ಟೆ.
ಆಧಾರ ಎಂಬ ಕಾಲಮ್ಮಿನಲ್ಲಿ ಬರೆದೆ: ಹುರಿಗಡಲೆ.

ನಕ್ಷೆ ಹೇಗೋ ಬಂದು ಕೂತಿತು, ಒಂದು ಮೂಲೆ ಮುರುಟಿಕೊಂಡು,
ತೊಳೆದ ಮೇಲೆ ಕುಗ್ಗಿದ ರವಿಕೆಯ ಹಾಗೆ.
ಅದರ ಮೇಲೆ ರಾಜಕಾಲುವೆ ಎಳೆದೆ.
ಎರಡೂ ಬದಿಗೆ ಬಫರ್ ಹಾಕು ಅಂದರೆ
ಕಂಪ್ಯೂಟರು ಗೆರೆಯನ್ನು ಉಬ್ಬಿಸಿ ಕೊಡುತ್ತದೆ,
ಬಾಣಲೆಯಲ್ಲಿ ಪೂರಿ ಉಬ್ಬಿದಂತೆ.
ಒಳಗೆ ಬಿದ್ದವು ಕೆಂಪು, ಹೊರಗಿನವು ಹಸಿರು.
ಕ್ಲಬ್ ಹೌಸಿನ ಈಜುಕೊಳ ಹಸಿರು, ಕೂದಲೆಳೆಯಲ್ಲಿ.
ಟ್ಯಾಂಕರ್ ನೀರಿನ ದರ ಇನ್ನೊಂದು ಪದರ:
ತಗ್ಗಿಗಿಳಿದಷ್ಟೂ ಬಿಂದಿಗೆಯ ಬೆಲೆ ಏರುತ್ತ ಹೋಗುತ್ತದೆ,
ಮಳೆಗಾಲದಲ್ಲಿ ಮುಳುಗುವ ಮನೆಗಳಿಗೇ ಅತಿ ದುಬಾರಿ.
ಹಣಮವ್ವನ ತಗಡಿನ ಮನೆ
ಅರ್ಧ ಕೆಂಪು.

ಅಲ್ಲಿ ಚಾ ಕುಡಿದಿದ್ದೆ ನಾನು. ಹತ್ತಡಿಗೆ ಹನ್ನೆರಡಡಿ.
ಹೋದ ಸೆಪ್ಟೆಂಬರಿನ ನೀರು ಎಲ್ಲಿಗೆ ಬಂದಿತ್ತೆಂದು
ಗ್ಯಾಸ್ ಸಿಲಿಂಡರಿನ ಮೇಲಿನ ಕೆಸರುಗೆರೆ ತೋರಿಸಿ
"ಬರ್ಕೋರಿ, ಇಲ್ಲಿತನ" ಅಂದಿದ್ದಳು, ಯಾದಗಿರಿ ಕಡೆಯವಳು.
ಟೇಪು ಹಿಡಿದು ಬರೆದುಕೊಂಡಿದ್ದೆ: ನಲವತ್ತೊಂದು ಸೆಂಟಿಮೀಟರ್.

ಈಗ ಲೆಕ್ಕ ಹೀಗೆ.
ಹಳೆಯ ನಕ್ಷೆಯಲ್ಲಿ ಮೈಲಿಗೆ ಎಂಟು ಅಂಗುಲ.
ಸರ್ವೆಯವನ ಲೇಖನಿಯ ಗೆರೆ ಅರ್ಧ ಮಿಲಿಮೀಟರ್.
ನೆಲದ ಮೇಲೆ ಅದು ನಾಲ್ಕು ಮೀಟರ್.
ಅಂದರೆ ಅವನ ಮಸಿಯ ದಪ್ಪದೊಳಗೇ
ಹಣಮವ್ವನ ಒಲೆ, ಕೊಡ, ಮಗ್ಗಿ ಬಾಯಿಪಾಠ ಮಾಡುವ ಮಗಳು,
ಇಟ್ಟಿಗೆ ಪೇರಿಸಿ ಎತ್ತರಿಸಿದ ಮಂಚ,
ಮಂಚದ ಮೇಲಿನ ಜೋಳದ ಚೀಲ, ಎಲ್ಲ ಹಿಡಿಯುತ್ತವೆ.
ಅವನು ಯಾರೋ. ಆ ದಿನ ನಿಬ್ಬು ಸವೆದಿತ್ತೋ,
ಊಟದ ಹೊತ್ತಾಗಿತ್ತೋ.
ಗೆರೆಯ ನಡುವೆ ಹೋಗಲೇ, ಅಂಚಿಗೆ ಹೋಗಲೇ?

ಆಫೀಸಿನಿಂದ ಫೋನು: ಒಳಗೋ, ಹೊರಗೋ?
ಒಂದು, ಇಲ್ಲವೇ ಸೊನ್ನೆ.
ಆ ಕಾಲಮ್ಮಿಗೆ ಬೇರೆ ಏನೂ ಹಿಡಿಸದು.

ಭಾನುವಾರ ಲ್ಯಾಪ್‌ಟಾಪ್ ಹೊತ್ತು ಪಿಳ್ಳಮ್ಮನ ಜಗಲಿಗೆ ಹೋದೆ.
ದಂಟಿನ ಸೊಪ್ಪು ತೊಳೆಯುತ್ತಿದ್ದ ಕೈಯಲ್ಲೇ
ಪರದೆ ಮುಟ್ಟಿದಳು. ನಕ್ಷೆ ಬೆರಳಿಗಂಟಿ ಸರಿಯಿತು,
ಕೆರೆ, ಕಾಲುವೆ, ಕೆಂಪು, ಹಸಿರು ಎಲ್ಲ ಒಟ್ಟಿಗೆ ಜಾರಿ
ಅಂಚಿನಾಚೆ ಹೋಗಿ
ಬರೀ ಬಿಳಿ.
"ಅಯ್ಯೋ, ಎಲ್ಲೋಯ್ತವ್ವಾ?"
ಎಲ್ಲೂ ಹೋಗಿಲ್ಲ, ತರ್ತೀನಿ ಇರಿ, ಅಂದೆ.
ತಕ್ಷಣ ತರಲಿಲ್ಲ.
ಅವಳ ಬೆರಳು ಬಿಟ್ಟ ನೀರು ಆ ಬಿಳಿಯ ಮೇಲೆ
ಕೆಳಗಿಳಿಯುತ್ತಿತ್ತು,
ಸ್ವಲ್ಪ ಎಡಕ್ಕೆ, ನಿಂತು, ಮತ್ತೆ ಎಡಕ್ಕೆ.
"ಹಿಂಗೇ ಕಣವ್ವ," ಅಂದಳು, "ಹಿಂಗೇ ಹೋಗ್ತಿದ್ದಿದ್ದು."

ಕೀಬೋರ್ಡಿಗೆ ಇಳಿದೀತೆಂದು
ವೇಲಿನ ತುದಿಯಿಂದ
ನಾನೇ ಒರೆಸಿಬಿಟ್ಟೆ.