ಎರಡು ಮಾರು ದೂರ

ಬಾರ್ನ್ಸ್ಲಿಯ ಗ್ರಂಥಾಲಯದ ಮೇಲಂತಸ್ತಿನಲ್ಲಿ
ಶನಿವಾರ ಹತ್ತಕ್ಕೆ ಮೂರು ಮೇಜು ಹಾಕುತ್ತೇನೆ,
ಒಂದಕ್ಕೊಂದು ಎರಡು ಮಾರು ದೂರ.
ಮೊದಲ ವಾರ ಒತ್ತೊತ್ತಾಗಿ ಹಾಕಿದ್ದೆ.
ಚಹಾ ಚೆಲ್ಲಿತು. ಕೈಜಾರಿ ಅಲ್ಲ.

ಕಿಟಕಿಯ ಪಕ್ಕ ವಿಂಡೋಸಿನ ಕ್ಲೈವ್
(ಅದು ಹೊಂದಲಿ ಅಂತಲ್ಲ, ಸೊಂಟನೋವಿಗೆ ಬಿಸಿಲು),
ಕೌನ್ಸಿಲಿನಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತ.
"ಜಗತ್ತು ನಡೆಯುವುದೇ ಇದರ ಮೇಲೆ" ಅನ್ನುತ್ತಾನೆ.
ಅನ್ನುವ ಹೊತ್ತಿಗೆ ಪರದೆ ನೀಲಿಯಾಗಿ
ಅಪ್‌ಡೇಟು ಶುರು: ನೂರಕ್ಕೆ ಮೂವತ್ತು.
ಆ ಮೂವತ್ತರಲ್ಲೇ ಒಂದು ಸ್ಯಾಂಡ್‌ವಿಚ್ ಮುಗಿಯುತ್ತದೆ.

ನಡುವೆ ಪ್ರೂಡೆನ್ಸ್, ಸೀಸೆಯ ಚೂರಿನಷ್ಟು ತೆಳು ಮ್ಯಾಕು.
ಕನ್ನಡಕದ ಬಟ್ಟೆ ಅದಕ್ಕೆ ಮೀಸಲು,
ಕನ್ನಡಕಕ್ಕೆ ಸ್ವೆಟರಿನ ತೋಳು.
ವೈರಸ್ಸಿನ ಮಾತೆತ್ತಿದರೆ ಮಡಿಯುಟ್ಟವಳ ಹಾಗೆ
ಕುರ್ಚಿಯನ್ನೇ ಹಿಂದೆ ಸರಿಸುತ್ತಾಳೆ.
ಯಾರಾದರೂ ಪೆನ್‌ಡ್ರೈವ್ ಚಾಚಿದರೆ
ಸಿಕ್ಕಿಸಲು ತೂತಿಲ್ಲ. ಬೇರೊಂದು ವೈರು ಬೇಕು,
ನಲವತ್ತು ಪೌಂಡಿನದು,
ಇವತ್ತು ಮನೆಯಲ್ಲೇ ಮರೆತಿದ್ದಾಳೆ.

ಮೂಲೆಯಲ್ಲಿ ಡೆಂಜಿಲ್, ಗಡ್ಡ, ಲಿನಕ್ಸು.
ಯಾರೋ ಎಸೆದ ಲ್ಯಾಪ್‌ಟಾಪಿಗೆ ಜೀವ ಬರಿಸಿದ್ದಾನೆ;
ವೈ-ಫೈ ಬರಿಸುವುದು ಮೂರು ವರ್ಷದಿಂದ ಬಾಕಿ.
ದಾನ ಬಂದ ದನದ ಹಲ್ಲು ಎಣಿಸಬಾರದಂತೆ.
ಡೆಂಜಿಲ್ ಎಣಿಸುತ್ತಾನೆ, ಒಂದೊಂದೇ,
ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ.

ಒಮ್ಮೆ ಮೂವರೂ ಗಂಟುಬಿದ್ದರು:
ನಿನ್ನ ಹೆಸರು ನಿನ್ನ ಲಿಪಿಯಲ್ಲಿ ಬರೆ, ನೋಡೋಣ.
ಜ್ಯೋತ್ಸ್ನಾ.
ತಕಾರದ ಕಾಲಿಗೆ ಸಕಾರ, ಸಕಾರದ ಕಾಲಿಗೆ ನಕಾರ,
ಶಾಲೆಯಲ್ಲಿ ನಾನೇ ಅತ್ತಿದ್ದ ಹೆಸರು.
ಕ್ಲೈವನಲ್ಲಿ ಒತ್ತುಗಳಿಳಿದು ಕೆಳಸಾಲಿನ ತಲೆ ತುಳಿದವು.
ಡೆಂಜಿಲನಲ್ಲಿ ಹತ್ತು ಖಾಲಿ ಡಬ್ಬಿ, ಗೂಡ್ಸು ರೈಲು.
ಪ್ರೂಡೆನ್ಸಳಲ್ಲಿ ನೆಟ್ಟಗೆ ಬಂತು. ಅವಳು ಉಬ್ಬಿದ ಉಬ್ಬು!
"ಕೊನೆಯ ದೀರ್ಘ ತುಸು ಸೊಟ್ಟ" ಅಂದೆ.
ಸುಳ್ಳು. ಮುಂದಿನ ಶನಿವಾರವೂ ಬರಬೇಕಲ್ಲ.

ಹೋದ ವಾರ ಸಿರಿಲ್ ಆಕ್ಸ್‌ಲಿ ಬಂದ,
ಗಣಿ ಮುಚ್ಚಿದ ಮೇಲೆ ಪಾರಿವಾಳ ಸಾಕಿದವನು,
ಬಿಸ್ಕತ್ತಿನ ಡಬ್ಬಿಯಲ್ಲಿ ಒಂದು ಫ್ಲಾಪಿ.
ಹನ್ನೊಂದು ವರ್ಷದ ಪಂದ್ಯಗಳ ಲೆಕ್ಕ:
ಯಾವ ಹಕ್ಕಿ, ಎತ್ತಣ ಗಾಳಿ,
ಫ್ರಾನ್ಸಿನಲ್ಲಿ ಬುಟ್ಟಿ ತೆರೆದದ್ದು, ಇಲ್ಲಿ ಗೂಡು ಮುಟ್ಟಿದ್ದು.
ಎದುರುಮನೆಯ ಹರ್ಬರ್ಟನಿಗೂ ಇವನಿಗೂ
ತೊಂಬತ್ತನಾಲ್ಕರ ಜೂನಿನದೊಂದು ಜಗಳ,
ನಾಲ್ಕು ಸೆಕೆಂಡಿನದು,
ಇನ್ನೂ ಮುಗಿದಿಲ್ಲ.

ಡೆಂಜಿಲ್ ಚೀಲದ ತಳದಿಂದ ಫ್ಲಾಪಿ ಡ್ರೈವ್ ಎತ್ತಿದ,
ಮುಖದಲ್ಲಿ ಹಬ್ಬ.
ಗರಗರ ಅಂದು ಪರದೆ ತುಂಬ ಕಸ ಸುರಿಯಿತು,
ನಡುನಡುವೆ ಹಕ್ಕಿಗಳ ಹೆಸರು.
"ಸರಿ, ಇದು ನಮ್ಮ ಆಫೀಸಿನ ಹಳೇ ಲೆಕ್ಕದ ಪದ್ಧತಿ,
ಐದನೇ ಕಂಬ ನೋಡು" ಎಂದು ಕ್ಲೈವ್ ಎದ್ದ,
ಸೊಂಟ ಹಿಡಿದುಕೊಂಡು, ಎರಡು ಮಾರು ದಾಟಿ.
ಪ್ರೂಡೆನ್ಸ್ ಆ ಮಬ್ಬು ಗಾಜನ್ನು ಮೀಸಲು ಬಟ್ಟೆಯಲ್ಲೇ ಒರೆಸಿ
ಬೆರಳಿಟ್ಟು ಸಾಲು ಎಣಿಸಿದಳು.

ಸಿಕ್ಕಿತು.
ನಾಲ್ಕು ಸೆಕೆಂಡು. ಗೆದ್ದದ್ದು ಹರ್ಬರ್ಟನ ಹಕ್ಕಿ.

ಸಿರಿಲ್ ಬಹಳ ಹೊತ್ತು ಡಬ್ಬಿಯ ಮುಚ್ಚಳ ತಿರುವಿದ.
"ಮುಚ್ಚಿಬಿಡಿ. ಯಾರಾದರೂ ಕೇಳಿದರೆ
ತೆರೆಯಲೇ ಇಲ್ಲ ಅನ್ನಿ."

ತೆರೆಯಲಿಲ್ಲವೆ?
"ನನ್ನದರಲ್ಲಿ?" ಎಂದ ಡೆಂಜಿಲ್.
"ನಾನಿದ್ದೂ?" ಎಂದ ಕ್ಲೈವ್.
"ಬೇಕಾದರೆ ಅವರಿಬ್ಬರಿಗೆ ಆಗಲಿಲ್ಲ ಅನ್ನುತ್ತೇನೆ" ಎಂದಳು ಪ್ರೂಡೆನ್ಸ್.
ಮಾತು ಏರಿತು. ಚಹಾ ಲೋಟಗಳನ್ನು ನಾನು ದೂರವಿಟ್ಟೆ.

ಕೊನೆಗೆ ದಿನದ ಪುಸ್ತಕ ನನ್ನ ಕೈಗೆ ಬಂತು.
ಪೆನ್ನಿನಲ್ಲಿ, ಕನ್ನಡದಲ್ಲಿ, ಇದ್ದದ್ದು ಇದ್ದ ಹಾಗೆ ಬರೆದೆ;
ಒತ್ತುಗಳು ತಂತಮ್ಮ ಜಾಗದಲ್ಲಿ ಕೂತವು.
ಹರ್ಬರ್ಟ್ ಬಂದು ಓದಿಕೊಳ್ಳಲಿ.