ನಡಾವಳಿ

ಮಂಗಳವಾರ ಸಂಜೆ ಏಳಕ್ಕೆ ಸಭೆ. ಐವರು ಸದಸ್ಯರು,
ಹನ್ನೆರಡು ಮಡಚು ಕುರ್ಚಿ, ಒಂದು ಹೀಟರು, ಅದರ ಮೇಲೆ
ಯಾರದೋ ಒದ್ದೆ ಕೈಗವಸು.
ನಾನು ಗುಮಾಸ್ತೆ. ಆಡಿದ ಮಾತು ಬರೆಯಬೇಕು,
ನುಂಗಿದ ಮಾತು ಬರೆಯಕೂಡದು.

ವಿಷಯ ಸಂಖ್ಯೆ ನಾಲ್ಕು:
ನ್ಯೂಫೌಂಡ್‌ಲ್ಯಾಂಡಿನ ಗ್ಯಾನೆಟ್ ಕೋವ್ ಎಂಬೀ ಊರಿನಲ್ಲಿ
ಕಡಲಿಗೆ ಬೆನ್ನು ಹಾಕಿ ನಿಂತ ಡಾರ್ಕಸ್ ಪಾರ್ಡಿಯ ಹಳದಿ ಮನೆಯನ್ನು
ಪಾರಂಪರಿಕ ಕಟ್ಟಡವೆಂದು ಘೋಷಿಸುವುದು.
ಇನ್ನು ಮುಂದೆ ಯಾರೂ ಅದನ್ನು
ಕೆಡವಬಾರದು, ಹಿಗ್ಗಿಸಬಾರದು,
ಇದ್ದಲ್ಲಿಂದ ಕದಲಿಸಬಾರದು.

ಸೇಂಟ್ ಜಾನ್ಸ್‌ನಿಂದ ಬಂದ ತಜ್ಞ, ಎಳೆಯ ಹುಡುಗ,
ಮೂರು ದಿನ ಅಳೆದು ಪಟ್ಟಿ ಮಾಡಿದ್ದ.
ಸ್ಪ್ರೂಸ್ ಮರದ ಚೌಕಟ್ಟು. ಒಡೆದ ಹಡಗಿನ ಹಲಗೆಯ ನೆಲ.
ಗೋಡೆಗೆ ಏಳು ಪದರ ಕಾಗದ, ಎಲ್ಲಕ್ಕೂ ಒಳಗಿನದು ಸುದ್ದಿಪತ್ರಿಕೆ,
ಉಪ್ಪುಮೀನಿನ ಅಂದಿನ ಧಾರಣೆ ಈಗಲೂ ಓದಬಹುದು.
ಹೀಗೆ ಹತ್ತು. ಹನ್ನೊಂದನೆಯದು
ಹೊಸ್ತಿಲ ಕೆಳತೊಲೆಗೆ ಬಿಗಿದ ತುಕ್ಕು ಕಬ್ಬಿಣದ ಕಡಗ.
ಉಪಯೋಗ: ತಿಳಿದಿಲ್ಲ.

"ಕುದುರೆ ಕಟ್ಟುತ್ತಿದ್ದರೇನೋ" ಎಂದ.
ಹಿಂದಿನ ಸಾಲಲ್ಲಿ ಲಿಯಾಂಡರ್ ಟಲ್ಕ್ ನಕ್ಕ,
ಎಂಬತ್ತಾರರ ನಗು, ಅರ್ಧ ಕೆಮ್ಮು.
"ಈ ಬಂಡೆ ಮೇಲೆ ಕುದುರೆಗೆ ಮೇವೆಲ್ಲಿತ್ತು ಮಗಾ?
ಹಗ್ಗ ಕಟ್ಟಿದ್ದು.
ಹಗ್ಗದ ಈ ತುದಿಗೆ ಮನೆ, ಆ ತುದಿಗೆ ಆರು ದೋಣಿ."

ಟಿಂಕರ್ ದ್ವೀಪದಲ್ಲಿ ಮೊದಲು ಶಾಲೆ ಮುಚ್ಚಿತಂತೆ,
ಆಮೇಲೆ ಅಂಚೆ ದೋಣಿ ನಿಂತಿತು,
ಪಾದ್ರಿ ಗಂಟೆಯನ್ನೂ ಬಿಚ್ಚಿಕೊಂಡು ಹೋದ.
ಸರ್ಕಾರ ತಲೆಗಿಷ್ಟು ಎಂದು ಕೊಟ್ಟು, ದೊಡ್ಡ ದಡಕ್ಕೆ ನಡೆಯಿರಿ ಎಂದಿತು.
"ಮನೆ ಕಟ್ಟಿ ನೋಡಿದವರು ಬೇಕಾದಷ್ಟು ಜನ.
ತೇಲಿಸಿ ನೋಡಿದವರು ನಾವು."

ನೆಲದಡಿಗೆ ನಲವತ್ತು ಖಾಲಿ ಪೀಪಾಯಿ.
ಭರತದ ನೀರು ಏರುವ ತನಕ ಕಾದರು.
ಒಲೆಯ ಬೆಂಕಿ ಆರಿಸಲು ಡಾರ್ಕಸಳ ತಾಯಿ ಒಪ್ಪಲಿಲ್ಲ,
ಹೊಗೆ ಬಿಡುತ್ತಲೇ ಮನೆ ಕೊಲ್ಲಿ ದಾಟಿತು.
ಕಿಟಕಿಯಲ್ಲಿ ಬೆಕ್ಕು.
ಎದುರು ಬಂದ ಹಡಗಿನವರು ಯಾಕೋ ಟೋಪಿ ತೆಗೆದರು.
ನಡುನೀರಲ್ಲಿ ಒಮ್ಮೆ ವಾಲಿತು,
ಒಂದೇ ಒಂದು ಬಟ್ಟಲು ಬಿತ್ತು.

ತಜ್ಞ ತನ್ನ ಅರ್ಜಿ ತಿರುವಿದ. ಪುಟ ಮೂರು, ಕಲಂ ಆರು:
ಕಟ್ಟಡ ಮೂಲ ಸ್ಥಳದಲ್ಲೇ ಇದೆಯೆ?
ಹೌದು ಎಂದು ಗುರುತು ಹಾಕಿದ್ದ. ಈಗ
ಪೆನ್ನೆತ್ತಿ ಹಿಡಿದೇ ಕೂತ.
ಹಾಗಾದರೆ ಇದು ಸ್ಥಿರಾಸ್ತಿಯೋ ಚರಾಸ್ತಿಯೋ, ಯಾರೋ ಕೇಳಿದರು.
ಮೇಯರ್ ಫಿಲೊಮಿನಾ ಜೆಂಜ್
ಕನ್ನಡಕ ಒರೆಸಿಕೊಂಡರು, ಎರಡು ಸಲ.

ಡಾರ್ಕಸ್ ಅಲ್ಲಿಯವರೆಗೂ ತುಟಿ ಬಿಚ್ಚಿರಲಿಲ್ಲ.
"ಫಲಕ ಹಾಕಿ, ಬೇಡ ಅನ್ನಲ್ಲ.
ಹೋದ ಚಳಿಗಾಲ ಬಟ್ಟೆ ಒಣಹಾಕುವ ಗೂಟವನ್ನೇ ಕಡಲು ಒಯ್ದಿತು.
ಇಪ್ಪತ್ತು ಹೆಜ್ಜೆ ಇದ್ದ ಹಿತ್ತಿಲು ಈಗ ಹನ್ನೊಂದು.
ಕದಲಿಸಬಾರದು ಅಂತ ನನಗೆ ಕಾಗದ ಕಳಿಸಿದಿರಿ.
ಒಂದು ಪ್ರತಿ
ಅದಕ್ಕೂ ಕಳಿಸಿದಿರಾ?"

ಪರ ಮೂರು, ವಿರೋಧ ಎರಡು.
ತಿದ್ದುಪಡಿಯೊಂದಿಗೆ ಅಂಗೀಕಾರ:
ಕದಲಿಸಬಾರದು ಎಂಬುದರ ಹಿಂದೆ
"ಕಡಲು ಬಾಗಿಲು ತಟ್ಟುವವರೆಗೆ" ಎಂದು ಸೇರಿಸತಕ್ಕದ್ದು.
ಇದು ಕಾನೂನಿನ ಭಾಷೆಯಲ್ಲ ಎಂದ ತಜ್ಞ.
ಆಡಿದ ಮಾತು. ಬರೆದೆ.
ಹನ್ನೊಂದನೆಯ ಸಾಲಿನ "ತಿಳಿದಿಲ್ಲ" ಹೊಡೆದು ಹಾಕಿ
"ಮನೆ ಎಳೆಯಲು" ಎಂದೂ ಬರೆದೆ. ಅದನ್ನು ಯಾರೂ ಹೇಳಿರಲಿಲ್ಲ.

ಜೂನಿನಲ್ಲಿ ಹಿತ್ತಾಳೆ ಫಲಕ ಬಂತು, ನಾಲ್ಕು ತಿರುಪು, ಒಂದು ಭಾಷಣ,
ನಿಂಬೆ ಕೇಕು.
ಎಲ್ಲರೂ ಹೋದ ಮೇಲೆ ಲಿಯಾಂಡರ್
ಮಂಡಿಯೂರಲಾರದೆ ಮಂಡಿಯೂರಿ
ಕಡಗಕ್ಕೆ ಗ್ರೀಸು ಹಚ್ಚಿದ.