ಚೆಕ್ಕುಬಂದಿ

ಚಳ್ಳಕೆರೆ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು
ಹೊಂಗೆಯ ನೆರಳು ಹನ್ನೊಂದಕ್ಕೆ ನನ್ನ ಮೇಜಿಗೆ ಬರುತ್ತದೆ,
ಒಂದಕ್ಕೆ ಜೆರಾಕ್ಸಿನವನ ಪಾಲಾಗುತ್ತದೆ.
ಮೂವತ್ತೊಂದು ವರ್ಷದಿಂದ ಪತ್ರ ಬರೆಯುತ್ತೇನೆ:
ಕ್ರಯ, ಭೋಗ್ಯ, ದಾನ, ವಿಭಾಗ, ವಿಲ್ಲು.
ಈಗ ಬರೆಯುವುದು ಅನ್ನುವುದೂ ಮಾತಿಗೆ;
ನಾನು ಹೇಳುತ್ತೇನೆ, ಹುಡುಗ ಕುಟ್ಟುತ್ತಾನೆ.

ಬಾಡಿಗೆ ಕರಾರಿಗೆ ಬಂದ ನುಸ್ರತ್ ಮೇಡಂ,
ಡಿಗ್ರಿ ಕಾಲೇಜಿನ ಇಂಗ್ಲಿಷಿನವರು,
ಫೋನು ಚಾಚಿದರು: "ಕೊಟ್ರಯ್ಯನೋರೆ, ನಿಮ್ಮ ಕಸುಬಿನದೇ ನೋಡಿ.
ಇಂಗ್ಲೆಂಡಿನದು. ಆರುನೂರ ಎಪ್ಪತ್ತು ಚಿಲ್ಲರೆ ವರ್ಷ."
ಅಂಗೈಯಗಲದ ಚರ್ಮ. ಕಂದು ಮಸಿ.
ಒಂದು ಪದಕ್ಕೂ ಪೂರ್ತಿ ಮೈಯಿಲ್ಲ,
ಕತ್ತರಿಸಿ ಮೇಲೊಂದು ಗೀಟು,
ನಮ್ಮ ಬಿನ್, ಕೋಂ, ಸ.ನಂ. ಥರ.

ಲ್ಯಾಟಿನ್ನಂತೆ. ಬೆರಳಿಟ್ಟು ಬಿಡಿಸಿದರು:
ಈಗಿರುವವರೂ ಮುಂದೆ ಹುಟ್ಟುವವರೂ ತಿಳಿಯತಕ್ಕದ್ದು,
ತೀರಿಕೊಂಡ ಜಾನನ ಹೆಂಡತಿ ಆಲಿಸಳೆಂಬ ನಾನು...
ಮುಂದಿನದನ್ನು ನೋಡದೆಯೇ ನಾನು ಹೇಳಿಬಿಟ್ಟೆ:
ನನಗಾಗಲಿ, ನನ್ನ ವಾರಸುದಾರರಿಗಾಗಲಿ,
ನನ್ನ ಹೆಸರು ಹೇಳಿಕೊಂಡು ಬರುವ ಮತ್ಯಾರಿಗೇ ಆಗಲಿ
ಇನ್ನು ಮುಂದೆ ಯಾವ ಹಕ್ಕೂ ಇರತಕ್ಕದ್ದಲ್ಲ.
ಮೇಡಂ ಫೋನು ಬಿಟ್ಟು ನನ್ನ ನೋಡಿದರು.

ಚೆಕ್ಕುಬಂದಿಯೂ ಇತ್ತು. ಪೂರ್ವಕ್ಕೆ ಗಿರಣಿಯ ದಾರಿ,
ಪಶ್ಚಿಮಕ್ಕೆ ಗಂಡನ ಅಣ್ಣನ ಹೊಲ.
ಆ ಅಣ್ಣನಿಗೇ ಬಿಡುಗಡೆ.
ತಾರೀಖಿಲ್ಲ. ದೊರೆ ಪಟ್ಟಕ್ಕೆ ಬಂದ ಇಪ್ಪತ್ಮೂರನೇ ವರುಷ,
ಯಾವುದೋ ಸಂತನ ಹಬ್ಬ ಕಳೆದ ಸೋಮವಾರ.
ಪ್ಲೇಗಿನ ವರುಷವಂತೆ.
ಪ್ರತಿಫಲ: ಒಂದು ಜೊತೆ ಕೈಗವಸು.

ಸರದಿಯಲ್ಲಿ ಕೂತಿದ್ದ ಕುರಿ ಕೆಂಚಪ್ಪ ಕತ್ತು ತೂರಿಸಿದ:
"ಕುರಿ ಚರ್ಮ ಅದು, ಮೇಕೇದಲ್ಲ.
ಕೆರದು ನೋಡ್ರಿ, ಹಪ್ಪಳದಂಗೆ ಪದರ ಏಳ್ತತೆ."
"ಅದಕ್ಕೇ ಪತ್ರಕ್ಕೆ ಕುರಿ," ಅಂದರು ಮೇಡಂ,
"ಒಂದಕ್ಷರ ತಿದ್ದಿದರೂ ಚರ್ಮವೇ ಸಾಕ್ಷಿ ಹೇಳುತ್ತಿತ್ತು."
ಇಷ್ಟು ವರ್ಷ ಛಾಪಾಕಾಗದ ಹಿಡಿದ ಕೈ ನನ್ನದು,
ಇಂಥ ನಿಯತ್ತಿನದು ಕಂಡಿಲ್ಲ.

ಬರೆದವನ ಹೆಸರು ಕೇಳಿದೆ. ಇಲ್ಲ.
ಸಾಕ್ಷಿಗಳು ಆರು ಮಂದಿ, ‘ಮತ್ತು ಇತರರು’.
ಆ ಇತರರಲ್ಲಿ ಅವನೂ ಒಬ್ಬ ಅಂದುಕೊಂಡೆ.

ಕೆಳಗೆ ಚರ್ಮದ ನಾಲಗೆಗೆ ತೂಗುಬಿದ್ದ ಮೇಣದ ಬಿಲ್ಲೆ,
ಹಕ್ಕಿಯೊ ಹೂವೊ, ಸವೆದ ಮುದ್ರೆ.
ಮುಂದಿನ ಫೋಟೊ ಬಿಲ್ಲೆಯ ಬೆನ್ನು:
ಬಿಸಿ ಮೇಣ ಒತ್ತಿದವರ ಹೆಬ್ಬೆಟ್ಟು.
ಸುಳಿ. ಎಡಗಡೆ ಒಂದು ಕಡಿದ ಗೆರೆ.
ಆಲಿಸಳದೊ, ಅವಳ ಭಾವನದೊ, ಹೆಸರಿಲ್ಲದ ನಮ್ಮವನದೊ.
ಹೆಬ್ಬೆಟ್ಟು ನೋಡಿ ಆಳು ಹೇಳುವ ನಾನೂ ಸುಮ್ಮನಾದೆ.

ಮೇಡಂ ಹೋದರು. ಮುಂದಿನದು
ದೊಡ್ಡೇರಿಯ ಸೂರವ್ವ ಕೋಂ ಲೇಟ್ ಬೋರಯ್ಯ,
ಎರಡೆಕರೆ ಹದಿನಾಲ್ಕು ಗುಂಟೆ, ತಮ್ಮಂದಿರ ಹೆಸರಿಗೆ.
ಪ್ರತಿಫಲ: ಅರಿಶಿನ ಕುಂಕುಮದ ಬಾಬ್ತು ಹತ್ತು ಸಾವಿರ.
ಗಂಡ ಸತ್ತವಳಿಗೆ ಅರಿಶಿನ ಕುಂಕುಮವೆ,
ಹುಡುಗ ನನ್ನ ಮುಖ ನೋಡಿದ.
ರೂಢಿ, ಕುಟ್ಟು, ಅಂದೆ.

ಓದಿ ಹೇಳುವುದು ಧರ್ಮ. ಓದಿದೆ:
ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ...
ಇಲ್ಲಿಗೆ ಬಂದಾಗ ದಿನಾ ಯಾರಾದರೊಬ್ಬರು ಕೆಮ್ಮುತ್ತಾರೆ.
ಇವತ್ತು ದೊಡ್ಡ ತಮ್ಮ.
ಸೂರವ್ವ ಅಂದಳು, "ಅದನ್ನ ಇನ್ನೊಂದ್ಸಲ ಓದಪ್ಪ."
ಓದಿದೆ.
"ಇನ್ನೊಂದ್ಸಲ."
ಓದಿದೆ. ಕರೆಂಟು ಹೋಗಿ ಜೆರಾಕ್ಸೂ ನಿಂತಿತ್ತು.
"ಯಾರು ಬರದಿದ್ದು ಇದನ್ನ?"

ನಾನೇ, ಅನ್ನಲು ಬಾಯಿ ತೆರೆದೆ.
ಈ ವಾಕ್ಯ ನಾನು ಬರೆದದ್ದೇ ಅಲ್ಲ.
ಹಾಲಸಿದ್ದಪ್ಪ ಮೇಷ್ಟ್ರ ಬಾಯಿಂದ ನನಗೆ ಬಂತು,
ಅವರಿಗೆ ಶಾನುಭೋಗರಿಂದ, ಅವರಿಗೆ...
"ಹಿಂದಿನಿಂದ ಬಂದದ್ದಮ್ಮ," ಅಂದೆ.
"ಹಂಗೋ," ಅಂದು ಎಡಗೈ ಚಾಚಿದಳು.

ಮಸಿ ಜಾಸ್ತಿಯಾಗಿ ಹೆಬ್ಬೆಟ್ಟು ಹರಡಿತು,
ಸುಳಿಯಿಲ್ಲ, ಗೆರೆಯಿಲ್ಲ, ಬರಿ ಕಪ್ಪು.
ಪಕ್ಕದಲ್ಲಿ ಇನ್ನೊಂದು ಒತ್ತಿಸಿದೆ.
ಏಳುವಾಗ ಮೇಜಿನ ತಳಕ್ಕೆ ಬೆರಳು ಒರೆಸಿದಳು.
ಎಲ್ಲರೂ ಒರೆಸುವುದು ಅಲ್ಲೇ.

ಸಂಜೆ ಒಳಗಿಡಲು ಮೇಜು ಮಗುಚಿದೆವು.
ದಿನಾ ಮಗುಚುತ್ತೇವೆ. ಇವತ್ತು ನೋಡಿದೆ:
ಒಂದರ ಮೇಲೊಂದು, ಮೂವತ್ತೊಂದು ವರ್ಷದ್ದು,
ಸೂರವ್ವನದು ಇನ್ನೂ ಹಸಿ.
ಪೂರ್ವಕ್ಕೆ ಯಾರದು, ಪಶ್ಚಿಮಕ್ಕೆ ಯಾರದು,
ಚೆಕ್ಕುಬಂದಿ ಬರೆಯಲು ಬರುವಂತಿರಲಿಲ್ಲ.